ರಂಧ್ರದಲ್ಲಿ ಉಳಿದ ಮೇಣ

ನವೆಂಬರ್ ೯, ಮಂಗಳವಾರ

ಎಷ್ಟು ತೊಳೆದರೂ ಕೈಯಿಂದ ಮೇಣದ ಜಿಡ್ಡು ಹೋಗುತ್ತಿಲ್ಲ.

ಮೊನ್ನೆ ಸತ್ತ ಕಾವಲುಗಾರನ ಹೆಂಡತಿ ಬೆಳಿಗ್ಗೆ ಅವನ ಚಕಮಕಿ ಕೋವಿ ತಂದಿಟ್ಟಳು. "ಕಿಡಿ ಹಾರ್ತಂತೆ, ಗುಂಡು ಹಾರ್ಲಿಲ್ವಂತೆ. ಅಷ್ಟರಲ್ಲಿ ಕರಡಿ ಮೈಮೇಲೆ ಬಿತ್ತಂತೆ. ಯಾಕೆ ಹೀಗಾಯ್ತು, ನೋಡಿ ಅಣ್ಣ."

ಕಲ್ಲು ಚೂಪಾಗಿಯೇ ಇತ್ತು. ಕಿಡಿ ಒಳಗಿನ ಮದ್ದಿಗೆ ತಲುಪುವ ಸಣ್ಣ ರಂಧ್ರಕ್ಕೆ ಸೂಜಿ ಹಾಕಿದೆ. ತುದಿಗೆ ಮೇಣ ಬಂತು. ನನ್ನದೇ ಮೇಣ. ರಿಪೇರಿಯಾದ ಕೋವಿಗೆ ತೇವ ತಾಗದಿರಲೆಂದು ಹಾಗೆ ಮುಚ್ಚಿಡುತ್ತೇನೆ, ಕೊಡುವಾಗ ತೆಗೆಯುತ್ತೇನೆ. ಹೋದ ವಾರ ಕೋವಿ ಒಯ್ಯುವಾಗ ಅವನು ಅವಸರ ಮಾಡಿದ. ಇಲ್ಲ, ಸತ್ತವನ ಮೇಲೆ ಹಾಕುವುದು ಬೇಡ. ನಾನೇ ಮರೆತೆ.

"ಮದ್ದು ತೇವ ಆಗಿತ್ತಮ್ಮ" ಎಂದುಬಿಟ್ಟೆ.

ಅವಳ ಮುಖ ಬಿಳಿಚಿತು. "ಮದ್ದಿನ ಡಬ್ಬಿ ಮುಚ್ಚಿ ಕೊಟ್ಟಿದ್ದು ನಾನೇ ಅಣ್ಣ."

ನಾನು ಸೂಜಿಯ ತುದಿಯ ಮೇಣವನ್ನು ಅವಳಿಗೆ ಕಾಣದಂತೆ ಬೆರಳಿಂದ ಒರೆಸಿ ತೆಗೆದೆ.