ಕಂಚುಮುಖನ ಐದನೇ ಭಾಗ

ಚನ್ನಪಟ್ಟಣ
೨೧-೫-೨೦೦೭, ಸೋಮವಾರ

ಪ್ರೀತಿಯ ಭಾನು,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಅತ್ತೆ ಕೊಡುವ ಬಾಣಂತಿ ಕಷಾಯವನ್ನು ಮುಖ ಸಿಂಡರಿಸದೆ ಕುಡಿಯುತ್ತಿದ್ದೀಯಾ? ಮಗಳು ಕತ್ತು ನಿಲ್ಲಿಸುತ್ತಾಳೆ ಎಂದು ಮಾವ ಫೋನಿನಲ್ಲಿ ಹೇಳಿದರು. ನಿನ್ನ ಕೈಗೆ ಕೊಡಿ ಅಂದೆ, ಕೊಟ್ಟರು, ಆದರೆ ಸ್ಪೀಕರ್ ಹಾಕಿಯೇ ಕೊಟ್ಟರು. ನಾನು "ಊಟ ಆಯ್ತಾ" ಅಂದರೆ ನಿಮ್ಮ ಗುಡೇಮಾರನಹಳ್ಳಿಯ ಅರ್ಧ ಊರು "ಆಯ್ತು" ಅಂದಿತು. ಹೀಗಾದರೆ ಗಂಡ ಹೆಂಡಿರು ಮಾತಾಡುವುದೇನು? ಅದಕ್ಕೇ ಈ ಕಾಗದ. ಪೋಸ್ಟಿನವನು ಬರುವ ಹೊತ್ತಿಗೆ ಮಾವ ಹೊಲದಲ್ಲಿರುತ್ತಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಇಲ್ಲಿ ಅಪ್ಪ, ಅವ್ವ ಚೆನ್ನಾಗಿದ್ದಾರೆ. ಅವ್ವ ಹಳೇ ಸೀರೆಗಳನ್ನು ಮಡಿಸಿ ಮೊಮ್ಮಗಳಿಗೆ ಪುಟ್ಟ ಹಾಸಿಗೆ ಹೊಲಿಯುತ್ತಿದ್ದಾಳೆ.

ಮೊದಲು ಸಿನಿಮಾ ವಿಷಯ ಹೇಳಿಬಿಡುತ್ತೇನೆ, ಬೈಯಬೇಡ. ನಮ್ಮ ಕಂಚುಮುಖನ ಐದನೇ ಭಾಗ ಬಂತು. ಅವನ ಇಂಗ್ಲಿಷ್ ಹೆಸರು ನಮ್ಮ ನಾಲಿಗೆಗೆ ಒಂದು ದಿನವೂ ಹೊರಳಲಿಲ್ಲ. ಕಂಚಿನ ಮುಖವಾಡ ಹಾಕಿಕೊಂಡು ಹಾರುವವನನ್ನು ಕಂಚುಮುಖ ಎಂದೇ ಕರೆದು ಏಳು ವರ್ಷ ಸಾಕಿದ್ದೇವೆ. ಈ ಸಲ ಕೊನೆಯಲ್ಲಿ ಅವನು ಮುಖವಾಡ ಬಿಚ್ಚಿ ಒಬ್ಬಳು ಹುಡುಗಿಯ ಕೈಗೆ ಕೊಟ್ಟು ತನ್ನ ಪಾಡಿಗೆ ಮನೆಗೆ ಹೋಗಿಬಿಡುತ್ತಾನೆ. ಅಷ್ಟಕ್ಕೇ ಊರು ಎರಡು ಹೋಳಾಗಿದೆ. ಕ್ಷೌರದಂಗಡಿ ಚೆಲುವಯ್ಯ ಅರ್ಧ ಗಡ್ಡ ಕೆರೆದವರನ್ನು ಹಾಗೇ ಕೂರಿಸಿಕೊಂಡು "ಸೋತೋಗ್ಲಿ, ಸತ್ತೋಗ್ಲಿ, ಮನೇಗ್ ಹೋಗೋದಾ? ನಾಚ್ಕೆ ಬ್ಯಾಡ್ವಾ ಅವ್ನಿಗೆ?" ಎಂದು ಕೂಗಾಡುತ್ತಾನೆ. ಗೊಂಬೆ ಮಾಡುವ ಶರೀಫಣ್ಣನಿಗೆ ಎರಡನೇ ಭಾಗದ ಮುಂದೆ ಮಿಕ್ಕದ್ದೆಲ್ಲ ಬೂಸಾ. ಅಭಿಮಾನಿ ಸಂಘದ ಇದ್ರೀಸ್ ನಾಲ್ಕು ಸಲ ನೋಡಿ ನಾಲ್ಕು ಸಲವೂ ಅತ್ತು, ಹೊರಗೆ ಬಂದು "ಡಬ್ಬಾ ಪಿಕ್ಚರ್ ಕಣ್ಲಾ" ಅನ್ನುತ್ತಾನೆ. ಮದುವೆಯಾದ ಹೊಸತರಲ್ಲಿ ಮೂರನೇ ಭಾಗಕ್ಕೆ ಕರೆದುಕೊಂಡು ಹೋದಾಗ ನೀನು ಕೇಳಿದ್ದು ನೆನಪಾಯಿತು: "ಊರ್ನೆಲ್ಲ ಕಾಪಾಡ್ತಾನಲ್ಲ, ಇವ್ನ ಹೆಂಡ್ತಿ ಎಲ್ಲವಳೆ?"

ನನಗೆ ಸಿನಿಮಾ ಹೇಗನ್ನಿಸಿತು ಎಂದು ಕೇಳುತ್ತೀಯ. ಅದಕ್ಕೆ ಆ ಶುಕ್ರವಾರ, ಹನ್ನೊಂದನೇ ತಾರೀಕಿನ ಕಥೆ ಹೇಳಬೇಕು. ಅವತ್ತು ಮಧ್ಯಾಹ್ನ ಒಂದೂವರೆಗೆ ಬಿಡದಿಯ ಕಾರ್ಖಾನೆಯಲ್ಲಿ ನನ್ನ ಖಾಯಮಾತಿಯ ಇಂಟರ್‌ವ್ಯೂ ಇತ್ತು. ನಾಲ್ಕು ವರ್ಷ ಕಂತ್ರಾಟಿನಲ್ಲಿ ದುಡಿದು ಕಾದಿದ್ದ ದಿನ. ಖಾಯಂ ಆದರೆ ಬಿಡದಿಯಲ್ಲಿ ಮನೆ ಮಾಡಿ ನಿನ್ನನ್ನೂ ಮಗಳನ್ನೂ ಕರೆದುಕೊಂಡು ಹೋಗುತ್ತೇನೆ ಎಂದು ನಾನೇ ಮಾತು ಕೊಟ್ಟಿದ್ದೆ. ನಮ್ಮ ಮನೆಯಲ್ಲಿ ಅಣ್ಣಂದಿರ ಸಂಸಾರದ ನಡುವೆ, ರಾಗಿ ಮೂಟೆಗಳ ಹಿಂದೆ ಪರದೆ ಕಟ್ಟಿಕೊಂಡು ನೀನು ಮಲಗಿದ್ದನ್ನು ನಾನು ಮರೆತಿಲ್ಲ. ಬೇರೆ ಮನೆ ಆಗದೆ ಬರುವುದಿಲ್ಲ ಎಂದು ನೀನು ಅಂದದ್ದರಲ್ಲಿ ತಪ್ಪೂ ಇಲ್ಲ.

ಆದರೆ ಅಭಿಮಾನಿ ಸಂಘದ ಮುಖವಾಡ ನಿನಗೆ ಗೊತ್ತಲ್ಲ. ಶರೀಫಣ್ಣ ಗೊಂಬೆ ಮಾಡುವ ಹಾಲೆಮರವನ್ನೇ ಮರ ಕಡೆಯುವ ಲೇತಿಗೆ ಕೊಟ್ಟು, ಗಡಿಗೆಯ ಹಾಗೆ ಕೊರೆದು, ಮುಂದೊಂದು ಹಿಂದೊಂದು ಹೋಳು ಮಾಡಿ ಕಿವಿಯ ಹತ್ತಿರ ಕೊಂಡಿ ಇಟ್ಟದ್ದು. ಲೇತಿನಲ್ಲಿ ಆದದ್ದೆಲ್ಲ ದುಂಡಗೇ ಇರುತ್ತದೆ, ಹಾಗಾಗಿ ಅದು ಕೂರುವುದು ನನ್ನ ದುಂಡು ತಲೆಯೊಂದಕ್ಕೇ. ಹೊಸ ಭಾಗ ಬಂದಾಗಲೆಲ್ಲ ನಾನು ಅದನ್ನು ಹಾಕಿಕೊಂಡು ಬಸ್ ನಿಲ್ದಾಣದಿಂದ ಟಾಕೀಸಿನವರೆಗೆ ಮೆರವಣಿಗೆ ಹೋಗಬೇಕು. ಮೊದಮೊದಲು ಹೆಮ್ಮೆಯಿತ್ತು. ಆಮೇಲಾಮೇಲೆ ಬಿಸಿತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಈ ಸಲ ಆಗುವುದಿಲ್ಲ ಎಂದು ಕೈ ಮುಗಿದೆ. "ನೀನಿಲ್ದೆ ಇನ್ಯಾರ್ಲಾ ಹಾಕ್ಕಳಾರು? ಒಸಿ ಹೊತ್ತು ಕಣ್ಲಾ, ಹನ್ನೊಂದ್ಗೆಲ್ಲ ಬುಟ್ಬುಡ್ತೀವಿ" ಎಂದು ಇದ್ರೀಸ್ ಕೈ ಹಿಡಿದ. ಹೂಂ ಅಂದೆ. ಇರಲಾರದೆ ಇರುವೆ ಬಿಟ್ಟುಕೊಂಡೆ.

ಐದನೇ ಭಾಗಕ್ಕೆ ಮಿಂಚಲಿ ಎಂದು ಶರೀಫಣ್ಣ ಹಿಂದಿನ ದಿನ ಮುಖವಾಡಕ್ಕೆ ಹೊಸದಾಗಿ ಅರಗಿನ ಬಣ್ಣ ಕೊಟ್ಟಿದ್ದ, ಎರಡು ಹೋಳು ಕೂಡುವ ಅಂಚಿಗೂ ಧಾರಾಳವಾಗಿ ಬಳಿದಿದ್ದ. ಅರಗು ಶಾಖಕ್ಕೆ ಕರಗುತ್ತದೆ, ತಣ್ಣಗಾದರೆ ಕಲ್ಲಾಗುತ್ತದೆ. ಈ ಊರಿನಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಮಾತು. ಅವತ್ತು ಒಬ್ಬರಿಗೂ ನೆನಪಾಗಲಿಲ್ಲ. ಮೇ ತಿಂಗಳ ಬಿಸಿಲು, ಅದರ ಮೇಲೆ ಸಂಘದವರೆಲ್ಲ ಸರದಿಯಲ್ಲಿ ಬಂದು ನನ್ನ ಕೆನ್ನೆಯ ಹತ್ತಿರವೇ ಕರ್ಪೂರದಾರತಿ ಬೆಳಗಿದರು. ಸೆಖೆ ಸೆಖೆ ಎಂದು ನಾನು ಕೂಗಿದ್ದಕ್ಕೆ ಇದ್ರೀಸ್ ಪ್ರೀತಿಯಿಂದ ಒಂದು ಕೊಡ ತಣ್ಣೀರು ತಲೆಯ ಮೇಲೆ ಸುರಿದ. ಕೊಂಡಿ ಬಿಚ್ಚಿದರೆ ಮುಖವಾಡ ಬಿಚ್ಚಲಿಲ್ಲ. ಎರಡು ಹೋಳೂ ಬೆಸೆದುಕೊಂಡು, ಕಿವಿಯ ಮೇಲಿನ ಕೂದಲನ್ನೂ ಕಚ್ಚಿಕೊಂಡಿದ್ದವು. ಮತ್ತೆ ಶಾಖ ಕೊಡಬೇಕು, ಆದರೆ ತಲೆಯ ಹತ್ತಿರ ಬೆಂಕಿ ಹಿಡಿಯುವವರು ಯಾರು? "ಲೇತಿಗೆ ಇವ್ನ್ ತಲೆ ಕಟ್ಟಕ್ಕಾಯ್ತದಾ?" ಎಂದು ಶರೀಫಣ್ಣ ಅಳುವುದೊಂದು ಬಾಕಿ. ಅಷ್ಟರಲ್ಲಿ ಟಾಕೀಸಿನ ಬೆಲ್ ಹೊಡೆಯಿತು, ಸಂಘ ಸಿನಿಮಾ ನೋಡಲು ಒಳಗೆ ಹೋಯಿತು, ಇದ್ರೀಸ್ ಒಬ್ಬ ಉಳಿದ.

ಗಂಟೆ ಹನ್ನೆರಡೂಕಾಲು. ಗರಗಸದಲ್ಲಿ ಕೊಯ್ಯುತ್ತಾ ಕೂತರೆ ಹೊತ್ತು ಮೀರುತ್ತದೆ, ಹೋಗಿ ಸಾಹೇಬರಿಗೇ ಹೇಳೋಣ ಎಂದು ಇದ್ರೀಸನ ಬೈಕಿನ ಹಿಂದೆ ಹತ್ತಿದೆ. ರಾಮನಗರ ದಾಟುವಾಗ ಬಸ್ಸಿನ ಮಕ್ಕಳೆಲ್ಲ ಕೈ ಬೀಸಿದವು. ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಇದ್ದದ್ದು ವಿರೂಪಾಕ್ಷಿಪುರದ ದೊಡ್ಡಹನುಮಯ್ಯ, ದಿನಾ ನನ್ನ ಜೊತೆ ಟೀ ಕುಡಿಯುವವನು. ಗುರುತಿನ ಚೀಟಿ ತೋರಿಸಿದೆ. ಫೋಟೊ ನೋಡಿದ, ನನ್ನನ್ನು ನೋಡಿದ. "ದನಿ ನಿಂದೇ ಕಣಪ್ಪಾ, ನಂಗ್ ಗೊತ್ತಾಯ್ತದೆ. ಆದ್ರೆ ಮೊಖ ತೋರ್ಸ್ದೆ ಒಳೀಕ್ ಬುಟ್ರೆ ನನ್ ಕೆಲ್ಸ ಹೋಯ್ತದೆ" ಅಂದ. ಊಟದ ಹೊತ್ತು, ಜನ ಸೇರಿದರು, ಶಿಳ್ಳೆ ಹೊಡೆದರು, ಹಾರಿ ತೋರಿಸು ಅಂದರು. ಒಳಗಿನಿಂದ ಮೈಕಿನಲ್ಲಿ ಅನಂತರಾಜು, ಅನಂತರಾಜು ಎಂದು ಮೂರು ಸಲ ಕೂಗಿದ್ದು ಕೇಳಿಸಿತು. ಇದ್ದೀನಿ ಸಾರ್ ಎಂದು ಅರಚಿದೆ. ಆ ಮರದೊಳಗೆ ನನ್ನ ದನಿ ನನಗೇ ಬಡಿಯಿತು. ಅಳು ಬಂತು ಭಾನು, ಕಣ್ಣು ಒರೆಸಿಕೊಳ್ಳಲು ಕೈ ಒಳಗೆ ಹೋಗಲಿಲ್ಲ. ಅಷ್ಟು ಅಸಹಾಯಕನಾಗಿ ನಾನು ಎಂದೂ ನಿಂತಿರಲಿಲ್ಲ.

ಸಂಜೆ ನಾಲ್ಕಕ್ಕೆ ಶರೀಫಣ್ಣ ಕೊಯ್ದು ತೆಗೆದ. ಎಡಗಿವಿಯ ಮೇಲೆ ಸ್ವಲ್ಪ ಕೂದಲಿಲ್ಲ, ಅಷ್ಟೇ, ಗಾಬರಿಯಾಗಬೇಡ. ಖಾಯಂ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಭಾನುವಾರ ಒಬ್ಬನೇ ಹೋಗಿ ಸಿನಿಮಾ ನೋಡಿದೆ. ಕಂಚುಮುಖ ಮುಖವಾಡ ಬಿಚ್ಚಿದಾಗ ಟಾಕೀಸೆಲ್ಲ ಥೂ ಅಂದಿತು. ನಾನೊಬ್ಬನೇ ಚಪ್ಪಾಳೆ ಹೊಡೆದೆ. ಹಿಂದಿನ ಸೀಟಿನವನು ನನ್ನ ತಲೆಗೆ ಕಡಲೆಕಾಯಿ ಸಿಪ್ಪೆ ಎಸೆದ. ಸಂಘದವರಿಗೆ ನಾನು ಈಗ ದೊಡ್ಡ ಮನುಷ್ಯ, ಭಕ್ತಿಯಿಂದ ಕಾರ್ಖಾನೆಯವರೆಗೂ ಮುಖವಾಡ ಬಿಚ್ಚದೆ ಹೋದನಂತೆ. ಆರನೇ ಭಾಗಕ್ಕೆಂದು ಶರೀಫಣ್ಣನಿಗೆ ಹೊಸ ಮರ ತಂದುಕೊಟ್ಟಿದ್ದಾರೆ. ಬೇಡ ಅಂದರೆ ಯಾರ ಕಿವಿಗೂ ಬೀಳುತ್ತಿಲ್ಲ.

ಅತ್ತೆ, ಮಾವನಿಗೆ ನಮಸ್ಕಾರ ತಿಳಿಸು. ಮಗಳ ಅಂಗಾಲಿಗೆ ನನ್ನದೊಂದು ಮುತ್ತು. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ತಣ್ಣೀರು ಮುಟ್ಟಬೇಡ.

ನಿನ್ನ
ಅನಂತರಾಜು

ಮರೆತಿದ್ದೆ: ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹೋದದ್ದು ಖಾಯಮಾತಿ ಮಾತ್ರವಲ್ಲ. ಗೇಟಿನಲ್ಲಿ ತಮಾಷೆ ಮಾಡಿದೆ ಎಂದು ಹದಿನಾಲ್ಕರಿಂದ ಕಂತ್ರಾಟುದಾರ ನನ್ನನ್ನು ಕೆಲಸಕ್ಕೇ ಬರಬೇಡ ಅಂದಿದ್ದಾನೆ. ಮನೆಯಲ್ಲಿ ಹೇಳಿಲ್ಲ. ದಿನಾ ಬೆಳಿಗ್ಗೆ ಯೂನಿಫಾರಂ ಹಾಕಿ, ಅವ್ವ ಕಟ್ಟಿದ ಬುತ್ತಿ ಹಿಡಿದು ಹೊರಟು, ಶರೀಫಣ್ಣನ ಗೊಂಬೆ ಕಾರ್ಖಾನೆಯಲ್ಲಿ ಕೂತು ಗಿಲಕಿಗಳಿಗೆ ಹೊಳಪು ಬರಲೆಂದು ತಾಳೆಗರಿ ಉಜ್ಜಿ ಸಂಜೆ ವಾಪಸು ಬರುತ್ತೇನೆ. ಮಾವ ಫೋನಿನಲ್ಲಿ, ಜೂನ್ ಮೂರರ ನಾಮಕರಣಕ್ಕೆ ಬರುವ ನೆಂಟರಿಗೆಲ್ಲ ಅಳಿಯ ಖಾಯಂ ಆದ ಎಂದು ಹೇಳಿಯಾಗಿದೆ ಅಂದರು. ಅಲ್ಲಿ ಸ್ಪೀಕರಿನಲ್ಲಿ ಅಷ್ಟು ಜನ ನಗುತ್ತಿದ್ದರು, ನಾನು ಇಲ್ಲ ಅನ್ನಲಿಲ್ಲ. ಅವತ್ತು ಬಂದು ಎಲ್ಲರೆದುರು ನಾನೇ ಹೇಳುತ್ತೇನೆ. ಆದರೆ ಮೊದಲು ನಿನಗೆ ಗೊತ್ತಿರಬೇಕು. ಮನೆಯೂ ಇಲ್ಲದ, ಕೆಲಸವೂ ಇಲ್ಲದ ನನ್ನನ್ನು ನೋಡಲು ನಿನಗೆ ಮನಸ್ಸಿದ್ದರೆ, ಶರೀಫಣ್ಣನ ವಿಳಾಸಕ್ಕೆ ಒಂದು ಕಾರ್ಡು ಹಾಕು. ಉದ್ದ ಬರೆಯಬೇಡ, ಬಾ ಅಂತ ಬರೆದರೆ ಸಾಕು.