ಹೊರಗಿಂದ ಬರೋ ಕರೆಂಟು

೧೩ ಮಾರ್ಚ್ ೨೦೨೫, ಗುರುವಾರ

ನಮ್ಮ ಕೆರಿ ದಂಡಿಗೆ ಅಣು ವಿದ್ಯುತ್ ಸ್ಥಾವರ ಮಾಡ್ತಾರಂತ, ಇವತ್ತ ಊರಾಗ ಸಭಾ ಕರೆದಿದ್ರು. ಇನ್ನ ಕರೆಂಟಿನ ಕಾಟ ತಪ್ಪಿತು ಅಂತ ನಾನೂ ಚಪ್ಪಾಳಿ ತಟ್ಟಿದೆ.

ಆಮ್ಯಾಲೆ ಸ್ಥಾವರದ ಕಡಿಂದ ಬಂದಿದ್ದ ಸಾಹೇಬ್ರು, "ಸ್ಥಾವರ ಬಂದ್ ಮಾಡಿದ್ರೂ ಒಳಗಿನ ಕಾವು ಲಗೂನ ಆರಂಗಿಲ್ರಿ. ನೀರು ಹಾಯಿಸ್ತಾನ ಇರಬೇಕು, ಇಲ್ಲಾಂದ್ರ ಒಳಗಿಂದೆಲ್ಲ ಕರಗಿ ಅನಾಹುತ ಆಕ್ಕೈತಿ. ಆ ಪಂಪಿಗೆ ಕರೆಂಟು ಹೊರಗಿಂದ ಬರತೈತಿ" ಅಂದ್ರು.

ಹೊರಗಿಂದ ಅಂದ್ರ? ನಾ ಕೆಲಸ ಮಾಡೋ ಸಬ್‌ಸ್ಟೇಷನ್ನಿಂದೇನು? ಮೊನ್ನೆ ಅಲ್ಲಿ ಒಂದು ಹಲ್ಲಿ ಸುಟ್ಟು ಬಿದ್ದಿದ್ದಕ್ಕ ಇಡೀ ಹೋಬಳಿ ಕತ್ತಲಾಗಿತ್ತಲ್ಲ!

ಮನಿಗೆ ಬಂದು ಅವ್ವಗ ಎಲ್ಲಾ ಹೇಳಿ, "ಒಂದ ಹಲ್ಲಿ ಸಾಕು ಬೇ, ನಾವೆಲ್ಲ ಹೋಗಾಕ" ಅಂದೆ.

ಗ್ವಾಡಿ ಮ್ಯಾಲೆ ಲೊಚ್ ಲೊಚ್ ಅಂತು.

ಅವ್ವ ಚಿಟಿಕಿ ಹೊಡೆದು, "ಖರೇ ಐತಿ ನೋಡವಾ, ಹಲ್ಲೀನ ನುಡೀತು" ಅಂದ್ಲು.