ಥಾರ್ನ್‌ಬಿಯ ಕೆಂಪು ಅಂಗಿ

ಅಕ್ಟೋಬರ್ ೯, ಗುರುವಾರ

ಥಾರ್ನ್‌ಬಿ ಕಾಲೇಜಿನ ದೋಣಿ ತಂಡದ ಕೋಚ್ ವಿಟ್‌ಕಾಂಬ್ ಇವತ್ತು ಫೋನಿನಲ್ಲೇ ಕೈಕೊಟ್ಟ. "ಬೇಜಾರು ಮಾಡ್ಕೋಬೇಡ ಪುಟ್ಟಿ, ನಿನ್ನ ಜಾಗ ಡೆನ್ಮಾರ್ಕಿನ ಒಬ್ಬ ಹುಡುಗಿಗೆ ಹೋಯ್ತು." ಪುಟ್ಟಿಯಂತೆ ಪುಟ್ಟಿ! ಥಾರ್ನ್‌ಬಿ ಕಾಲೇಜಿನ ಸೀಟೂ ಖಾತ್ರಿ, ದೋಣಿ ತಂಡದಲ್ಲಿ ಜಾಗವೂ ಖಾತ್ರಿ ಎಂದು ಬೇಸಿಗೆಯಲ್ಲಿ ಮಾತು ಕೊಟ್ಟು, ಉಳಿದ ಕಾಲೇಜುಗಳಿಗೆಲ್ಲ ನನ್ನ ಬಾಯಿಂದಲೇ ಬೇಡ ಅನ್ನಿಸಿದವನು ಇವನೇ.

ಅತ್ತು ಮುಗಿಸಿ, ನಾನು ಬೇಡವೆಂದಿದ್ದ ಎಲ್ಸ್‌ಟನ್ ಕಾಲೇಜಿನ ಕೋಚ್ ಮಾರ್ಗೋ ಅವರಿಗೆ ಫೋನ್ ಮಾಡಿದೆ.

"ಮಾರ್ಕ್ಸ್ ಮೇಲೆ ನೀನೇ ಸೀಟು ಗಿಟ್ಟಿಸ್ಕೋ. ದೋಣೀಲಿ ಜಾಗ ಆಮೇಲೆ ಹುಟ್ಟು ಹಾಕಿ ತಗೋ," ಎಂದರು.

"ಥಾರ್ನ್‌ಬಿ ಜೊತೆ ಪಂದ್ಯ ಇರುತ್ತಾ ಮೇಡಂ?"

"ಪ್ರತಿ ವರ್ಷ."

ಅಷ್ಟು ಸಾಕು. ದೋಣಿ ಪಂದ್ಯದಲ್ಲಿ ಸೋತವರು ಮೈಮೇಲಿನ ಅಂಗಿ ಬಿಚ್ಚಿ ಗೆದ್ದವರ ಕೈಗಿಡುವುದು ನಮ್ಮ ಪದ್ಧತಿ. ಥಾರ್ನ್‌ಬಿಯ ಕೆಂಪು ಅಂಗಿ ನನಗೆ ಸಿಕ್ಕೇ ಸಿಗುತ್ತದೆ. ಆ ಡೆನ್ಮಾರ್ಕಿನವಳ ಮೈಯಿಂದ, ವಿಟ್‌ಕಾಂಬ್ ಕಣ್ಣೆದುರೇ. ಅದನ್ನು ನಾನು ಒಗೆಯುವುದೂ ಇಲ್ಲ.